ಶ್ರಾವಿಕಾರತ್ನ ಅತ್ತಿಮಬ್ಬೆ



ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವವು ಗರ್ಭಕಲ್ಯಾಣದಿಂದ ಆರಂಭವಾಗುತ್ತದೆ. ಜಿನಮಾತೆಯು ಹದಿನಾರು ಶುಭಸ್ವಪ್ನಗಳನ್ನು ಕಾಣುವುದು ಅದರ ಪ್ರಥಮ ಪ್ರಸಂಗ. ತೀರ್ಥಂಕರರ ಪುಣ್ಯಚರಿತ್ರೆಯನ್ನು ನಾವು ಒಬ್ಬ ತಾಯಿಯ ಸನ್ನಿಧಿಯಿಂದಲೇ ತೊಡಗಿಸುತ್ತೇವೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘದಲ್ಲಿ ಎರಡು ಸ್ಥಾನಗಳು ಸ್ತ್ರೀಯರವೇ ಆಗಿವೆ. ಹೀಗಿದ್ದರೂ ಹಿಂದಿನ ಕಾಲದ ಸಮಾಜದಲ್ಲಿ ಸ್ತ್ರೀಯ ಬಾಳು ಹೇಗಿದ್ದಿತು, ಅವಳ ದೇಹ, ಮನಸ್ಸು, ಸಂಪತ್ತುಗಳ ಮೇಲೆ ಅಧಿಕಾರವು ಯಾರದಾಗಿದ್ದಿತು ಎಂಬುದನ್ನು ನಾವು ವಿಚಾರ ಮಾಡುವುದು ಅಪರೂಪ. ಈ ಶುಭಸಂದರ್ಭದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಜೀವನವನ್ನು ಆ ದೃಷ್ಟಿಯಿಂದ ಸ್ಮರಿಸುವುದು ಉಚಿತವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ನಾನು ಪಂಡಿತನಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದಿಕೊಂಡವನು. ವಾಚಕರು ಹಂಸಕ್ಷೀರ ನ್ಯಾಯದಿಂದ ಸ್ವೀಕರಿಸಬೇಕಾಗಿ ವಿನಂತಿ.

ವಂಶ ಮತ್ತು ವಿವಾಹ

ಅತ್ತಿಮಬ್ಬೆಯು ಕ್ರಿ. ಶ. 10ನೆಯ ಶತಮಾನದ ಉತ್ತರಾರ್ಧದಲ್ಲಿ ಬಾಳಿದವಳು. ಅವಳ ಪೂರ್ವಿಕರು ವೆಂಗಿ ಮಂಡಲದ ಕಮ್ಮೆನಾಡಿನವರು. ತಂದೆ ಮಲ್ಲಪಯ್ಯ, ತಾಯಿ ಅಪ್ಪಕಬ್ಬೆ. ಮಲ್ಲಪಯ್ಯನೂ ಅವನ ಸಹೋದರ ಪುನ್ನಮಯ್ಯನೂ ಶೂರರಾಗಿದ್ದಂತೆಯೇ ಸಾಹಿತ್ಯಪ್ರಿಯರೂ ಆಗಿದ್ದರು. ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣಾರ್ಥವಾಗಿ ಅವರು ಪೊನ್ನ ಮಹಾಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಹದಿನಾರನೆಯ ತೀರ್ಥಂಕರರಾದ ಶಾಂತಿನಾಥ ಸ್ವಾಮಿಯ ಚರಿತ್ರೆಯನ್ನು ಹನ್ನೆರಡು ಆಶ್ವಾಸಗಳಲ್ಲಿ ಹೇಳುವ ಈ ಮಹಾಕಾವ್ಯವು ಹೀಗೆ ಆ ಮನೆತನದ ಕೀರ್ತಿಯೊಡನೆ ಬೆಸೆದುಕೊಂಡಿತು.

ಮಲ್ಲಪಯ್ಯನಿಗೆ ಐವರು ಗಂಡುಮಕ್ಕಳು. ಹೆಣ್ಣುಮಕ್ಕಳಲ್ಲಿ ಹಿರಿಯಳು ಅತ್ತಿಮಬ್ಬೆ, ಕಿರಿಯಳು ಗುಂಡಮಬ್ಬೆ. ಇವರಿಬ್ಬರನ್ನೂ ಒಬ್ಬನೇ ವರನಿಗೆ ಕೊಟ್ಟು ವಿವಾಹ ಮಾಡಲಾಯಿತು. ಆ ವರನು ಚಾಲುಕ್ಯ ಚಕ್ರವರ್ತಿ ತೈಲಪನ ಮಹಾಮಂತ್ರಿಯಾಗಿದ್ದ ದಲ್ಲಪನ ಮಗ, ದಂಡನಾಯಕ ನಾಗದೇವ. ತೈಲಪನು ಕ್ರಿ. ಶ. 973ರಲ್ಲಿ ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿ ಚಾಲುಕ್ಯ ವಂಶದ ಪ್ರಭುತ್ವವನ್ನು ಮರಳಿ ನಿಲ್ಲಿಸಿದವನು. ಅಂಥ ಹೊಸ ರಾಜ್ಯದಲ್ಲಿ ಮಂತ್ರಿಯ ಮನೆತನವೂ ದಂಡನಾಯಕನ ಮನೆತನವೂ ಸಂಬಂಧ ಬೆಳೆಸುವುದು ರಾಜಕಾರಣದ ಒಂದು ಅಂಗವೇ ಆಗಿದ್ದಿತು. ಅಕ್ಕತಂಗಿಯರು ಒಂದೇ ಮನೆಗೆ ಸವತಿಯರಾಗಿ ಹೋಗುವುದನ್ನು ಅಂದಿನ ಅಧಿಕಾರಸ್ಥ ಕುಲಗಳಲ್ಲಿ ಯಾರೂ ಆಕ್ಷೇಪಾರ್ಹವೆಂದು ಎಣಿಸುತ್ತಿರಲಿಲ್ಲ. ಪುರುಷನಿಗೆ ಅನೇಕ ಪತ್ನಿಯರಿರುವುದು ಗೌರವದ ಲಕ್ಷಣವಾಗಿದ್ದಿತು. ಸ್ತ್ರೀಗೆ ಶೀಲವೆಂಬುದು ಒಬ್ಬ ಪತಿಗೆ ಸಂಪೂರ್ಣವಾಗಿ ಅಧೀನಳಾಗಿರುವುದೇ ಆಗಿದ್ದಿತು. ಜೈನ ಶ್ರಾವಕಾಚಾರಗಳು ಬ್ರಹ್ಮಚರ್ಯಾಣುವ್ರತವನ್ನು ಪುರುಷನಿಗೂ ವಿಧಿಸಿ, ಸ್ವದಾರಸಂತೋಷವನ್ನು ಬೋಧಿಸಿ, ಪರದಾರಗಮನವನ್ನು ನಿಷೇಧಿಸಿದ್ದವು. ಶೀಲದ ಭಾರವನ್ನು ಇಬ್ಬರ ಹೆಗಲಿಗೂ ಹೊರಿಸಿದ್ದ ಈ ಉಪದೇಶವು ಅರಮನೆಗಳಲ್ಲಿ ಎಷ್ಟರಮಟ್ಟಿಗೆ ನಡೆಯುತ್ತಿದ್ದಿತು ಎಂಬುದು ಬೇರೆಯ ಮಾತು.

ನಾಗದೇವನು ಪರಾಕ್ರಮಿ, ಧಾರ್ಮಿಕ. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಪುತ್ರನು ಜನಿಸಿದನು. ಶಾಸನಗಳಲ್ಲಿ ಪಡೆವಳ ತೈಲನೆಂದು ಹೆಸರಾದವನು ಇವನೇ. ಆದರೆ ಈ ಸುಖಸಂಸಾರವು ಬಹುಕಾಲ ಉಳಿಯಲಿಲ್ಲ. ನಾಗದೇವನು ಅಕಾಲದಲ್ಲಿ ಮೃತ್ಯುವಿಗೆ ತುತ್ತಾದನು.

ಎರಡು ದಾರಿಗಳು

ಪತಿಯ ಮರಣವು ಆ ಕಾಲದ ಉನ್ನತ ಕುಲದ ಸ್ತ್ರೀಯ ಮುಂದೆ ಒಂದು ಭಯಂಕರವಾದ ಪ್ರಶ್ನೆಯನ್ನು ಇರಿಸುತ್ತಿದ್ದಿತು. ಕರ್ನಾಟಕದ ಊರೂರುಗಳಲ್ಲಿ ಮಾಸ್ತಿಕಲ್ಲುಗಳು ನಿಂತಿವೆ. ಮೊಣಕೈ ಮಡಿಚಿ ಮೇಲೆತ್ತಿದ ಒಂದು ತೋಳು, ಅದರ ತುಂಬ ಬಳೆಗಳು; ಇಷ್ಟನ್ನು ಕಲ್ಲಿನಲ್ಲಿ ಕಡೆದು ಒಬ್ಬ ಸ್ತ್ರೀಯು ಪತಿಯೊಡನೆ ಚಿತೆಯೇರಿದಳೆಂದು ಸಾರುತ್ತಿದ್ದರು. ಬಳೆಯುಳ್ಳ ಕೈ ಎಂದರೆ ಅವಳು ವಿಧವೆಯಾಗಲಿಲ್ಲ, ಮುತ್ತೈದೆಯಾಗಿಯೇ ಹೋದಳೆಂದು ಅರ್ಥ. ವಿಧವೆಯಾಗಿ ಬದುಕುವುದಕ್ಕಿಂತ ಬೆಂಕಿಯೇ ಲೇಸೆಂದು ನಂಬಿಸುವಷ್ಟು ವೈಧವ್ಯವನ್ನು ಹೀನವಾಗಿ ಕಂಡ ಸಮಾಜವದು.

ಗುಂಡಮಬ್ಬೆಯು ಆ ದಾರಿಯನ್ನೇ ಹಿಡಿದಳು. ಪತಿಯೊಡನೆ ಸಹಗಮನ ಮಾಡಿದಳೆಂದು ರನ್ನ ಕವಿಯು ತನ್ನ ಅಜಿತಪುರಾಣದಲ್ಲಿ ದಾಖಲಿಸಿದ್ದಾನೆ. ಅವಳ ಪತಿಭಕ್ತಿಯನ್ನು ಹಗುರವಾಗಿ ಕಾಣುವ ಅಧಿಕಾರವು ಸಾವಿರ ವರ್ಷಗಳ ಈಚೆಗೆ ಕುಳಿತಿರುವ ನಮಗಿಲ್ಲ. ಒಡಹುಟ್ಟಿದ ತಂಗಿ, ಒಂದೇ ಮನೆಯಲ್ಲಿ ಬಾಳಿದ ಸವತಿ, ಬೆಂಕಿಗೆ ನಡೆದುಹೋದುದನ್ನು ಕಂಡ ಅತ್ತಿಮಬ್ಬೆಯ ಮನಃಸ್ಥಿತಿಯನ್ನು ವಾಚಕರೇ ಊಹಿಸಬೇಕು. ಅದೇ ದಿನ, ಅದೇ ದುಃಖದಲ್ಲಿ, ಅವಳು ಬದುಕಿ ಉಳಿಯುವ ನಿಶ್ಚಯ ಮಾಡಿದಳು.

ಈ ನಿಶ್ಚಯಕ್ಕೆ ಶಾಸ್ತ್ರದ ಬೆಂಬಲವಿದ್ದಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯನ್ನು ವಿವರಿಸುವಾಗ, ಪುಣ್ಯವೆಂದು ಭ್ರಮಿಸಿ ಬೆಂಕಿಗೆ ಬೀಳುವುದನ್ನೂ ಬೆಟ್ಟದಿಂದ ಧುಮುಕುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ಪ್ರತಿಯೊಂದು ಜೀವವೂ ತನ್ನ ಕರ್ಮದ ಫಲವನ್ನು ತಾನೇ ಉಣ್ಣಬೇಕು. ಒಬ್ಬರ ಚಿತೆಯನ್ನು ಏರಿದ ಮಾತ್ರಕ್ಕೆ ಇನ್ನೊಬ್ಬರು ಅವರ ಗತಿಯನ್ನು ಸೇರುವುದಿಲ್ಲ. ಹೆಂಡತಿಯ ಆತ್ಮವು ಗಂಡನ ಆತ್ಮದ ಬಾಲವಲ್ಲವೆಂಬುದು ಜಿನತತ್ತ್ವದ ಸಾರ. ಆದರೆ ಶಾಸ್ತ್ರವು ಗ್ರಂಥದಲ್ಲಿರುವುದು ಒಂದು, ಅದನ್ನು ಲೋಕದ ಎದುರಿಗೆ ಆಚರಿಸಿ ತೋರಿಸುವುದು ಮತ್ತೊಂದು. ಗುಂಡಮಬ್ಬೆಯೂ ಅದೇ ಜೈನ ಮನೆತನದಲ್ಲಿ ಹುಟ್ಟಿದವಳಲ್ಲವೇ? ಕುಲಾಚಾರದ ಸೆಳೆತವು ಎಷ್ಟು ಬಲವಾಗಿದ್ದಿತೆಂಬುದಕ್ಕೆ ಇದೇ ಸಾಕ್ಷಿ.

ಅತ್ತಿಮಬ್ಬೆಯು ಬ್ರಹ್ಮಚರ್ಯವನ್ನು ಸ್ವೀಕರಿಸಿ, ವ್ರತೋಪವಾಸಗಳಿಂದ ದೇಹವನ್ನು ಹದಗೊಳಿಸಿ, ಮಗನನ್ನು ಸಾಕಿ ಸಲಹಿ, ಮನೆತನದ ಸಂಪತ್ತನ್ನು ಸತ್ಪಾತ್ರಗಳಲ್ಲಿ ವಿನಿಯೋಗಿಸುತ್ತ ಬಾಳಿದಳು. ಅವಳ ಬ್ರಹ್ಮಚರ್ಯವು ಯಾರೋ ವಿಧಿಸಿದ ಶಿಕ್ಷೆಯಾಗಿರಲಿಲ್ಲ; ಗುರುಸಾಕ್ಷಿಯಾಗಿ ತಾನೇ ಕೈಗೊಂಡ ವ್ರತವಾಗಿದ್ದಿತು. ತಲೆ ತಗ್ಗಿಸಿ ಮೂಲೆಯಲ್ಲಿ ಕುಳಿತುಕೊಳ್ಳುವ ಬಾಳನ್ನು ಅವಳು ಒಪ್ಪಲಿಲ್ಲ.

ವೇದಗಳ ವಿಚಾರ

ಇಲ್ಲಿ ಸ್ವಲ್ಪ ಶಾಸ್ತ್ರವಿಚಾರಕ್ಕೆ ಅವಕಾಶ ಕೊಡಬೇಕು. ಸ್ತ್ರೀತ್ವ, ಪುರುಷತ್ವಗಳ ವಿಷಯವಾಗಿ ನಮ್ಮ ಆಚಾರ್ಯರು ಮಾಡಿದಷ್ಟು ಸೂಕ್ಷ್ಮವಾದ ಚರ್ಚೆಯನ್ನು ಆ ಕಾಲದಲ್ಲಿ ಬೇರೆಲ್ಲಿಯಾದರೂ ಕಾಣುವುದು ದುರ್ಲಭ. ಅತ್ತಿಮಬ್ಬೆಯ ಸಮಕಾಲೀನನಾದ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರ ಮೂರ್ತಿಯನ್ನು ನಿರ್ಮಿಸಿದನಷ್ಟೆ. ಅವನ ಕಾಲದಲ್ಲಿಯೇ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರು. ಅದರಲ್ಲಿ ವೇದವೆಂಬ ವಿಷಯವು ಬಂದಿದೆ. ಇಲ್ಲಿ ವೇದವೆಂದರೆ ಋಗ್ವೇದಾದಿಗಳಲ್ಲ, ಕಾಮವಾಸನೆ. ಸ್ತ್ರೀವೇದ, ಪುಂವೇದ, ನಪುಂಸಕವೇದ ಎಂದು ಅದು ಮೂರು ವಿಧ. ದೇಹದಲ್ಲಿ ಕಾಣುವ ಲಿಂಗವು ದ್ರವ್ಯವೇದ, ಅಂತರಂಗದಲ್ಲಿ ಉದಯಿಸುವ ವಾಸನೆಯು ಭಾವವೇದ. ಸಾಮಾನ್ಯವಾಗಿ ಇವೆರಡೂ ಒಂದೇ ಆಗಿರುತ್ತವೆ, ಕೆಲವರಲ್ಲಿ ಬೇರೆಯಾಗಿರುವುದೂ ಉಂಟು ಎಂದು ಆಚಾರ್ಯರು ಒಪ್ಪಿದ್ದಾರೆ. ಪುರುಷನ ವಾಸನೆಯನ್ನು ಹುಲ್ಲಿನ ಬೆಂಕಿಗೆ, ಸ್ತ್ರೀಯ ವಾಸನೆಯನ್ನು ಬೆರಣಿಯ ಬೆಂಕಿಗೆ, ನಪುಂಸಕನ ವಾಸನೆಯನ್ನು ಇಟ್ಟಿಗೆಯ ಆವಿಗೆಯ ಬೆಂಕಿಗೆ ಹೋಲಿಸುವುದುಂಟು.

ಈ ಉಪಮೆಗಳು ಆ ಕಾಲದ ಪುರುಷರ ದೃಷ್ಟಿಯಿಂದ ಹುಟ್ಟಿದವು ಎನ್ನಬಹುದು. ಆದರೆ ತತ್ತ್ವವನ್ನು ಗಮನಿಸಬೇಕು. ಮೂರೂ ಬೆಂಕಿಗಳೇ, ಮೂರೂ ಮೋಹನೀಯ ಕರ್ಮದ ಪ್ರಕಾರಗಳೇ. ಆತ್ಮವು ಗುಣಸ್ಥಾನಗಳನ್ನು ಏರುತ್ತ ಒಂಬತ್ತನೆಯದಕ್ಕೆ ಬಂದಾಗ ಮೂರು ವೇದಗಳೂ ಕಳಚಿಹೋಗುತ್ತವೆ. ಹೆಣ್ಣು, ಗಂಡು ಎಂಬುದು ಆತ್ಮದ ಸ್ವಭಾವಕ್ಕೆ ಅಂಟಿದ ಗುಣವಲ್ಲ. ಕಾಮವನ್ನು ಸ್ತ್ರೀಯ ದೋಷವೆಂದು ಅವಳೊಬ್ಬಳ ಲೆಕ್ಕಕ್ಕೆ ಖರ್ಚು ಬರೆಯುವ ಲೋಕರೂಢಿಗೆ ಈ ಸಿದ್ಧಾಂತವು ಆಸ್ಪದ ಕೊಡುವುದಿಲ್ಲ.

ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವುಂಟೇ ಎಂಬ ವಾದವೂ ಇದೇ ನಾಡಿನಲ್ಲಿ ನಡೆಯಿತು. ಉತ್ತರ ಕರ್ನಾಟಕದಲ್ಲಿ ಪ್ರಬಲವಾಗಿದ್ದ ಯಾಪನೀಯ ಸಂಘದವರು ಉಂಟೆಂದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಯಾಪನೀಯ ವೈಯಾಕರಣ ಶಾಕಟಾಯನನು ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಒಂದು ಪ್ರಕರಣವನ್ನೇ ಬರೆದನು. ದಿಗಂಬರ ಆಮ್ನಾಯದ ಪ್ರಭಾಚಂದ್ರಾಚಾರ್ಯರು 11ನೆಯ ಶತಮಾನದಲ್ಲಿ ಅದನ್ನು ಖಂಡಿಸಿದರು. ಈ ವಾದದ ತೀರ್ಪು ಹೇಳುವ ಯೋಗ್ಯತೆಯು ನನ್ನದಲ್ಲ. ಆದರೆ ಸ್ತ್ರೀಯು ಅಣುವ್ರತಗಳನ್ನು ಧರಿಸಬಲ್ಲಳು, ಆರ್ಯಿಕೆಯಾಗಿ ತಪಸ್ಸು ಮಾಡಬಲ್ಲಳು, ಸಲ್ಲೇಖನದಿಂದ ದೇಹವನ್ನು ಬಿಡಬಲ್ಲಳು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಅತ್ತಿಮಬ್ಬೆಯು ನಿಂತದ್ದು ಈ ಗಟ್ಟಿನೆಲದ ಮೇಲೆ.

ಶಾಸ್ತ್ರದಾನ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಅತ್ತಿಮಬ್ಬೆಯು ಶಾಸ್ತ್ರದಾನಕ್ಕೆ ಕೊಟ್ಟ ಸ್ಥಾನವು ಅಪೂರ್ವವಾದುದು. ತನ್ನ ತಂದೆಯೂ ಚಿಕ್ಕಪ್ಪನೂ ಬರೆಯಿಸಿದ್ದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧವಾಗಿದೆ. ಸಾವಿರ ಪ್ರತಿಗಳೆಂದರೆ ಇಂದು ಮುದ್ರಣಾಲಯಕ್ಕೆ ಅಲ್ಪಕಾಲದ ಕೆಲಸ. ಅಂದು ತಾಳೆಗರಿಗಳನ್ನು ತರಿಸಿ, ಹದಮಾಡಿ, ಅಳತೆಗೆ ಕತ್ತರಿಸಿ, ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ಸವರಿ, ದಾರ ಪೋಣಿಸಿ, ಹಲಗೆಗಳ ನಡುವೆ ಕಟ್ಟಬೇಕಾಗಿದ್ದಿತು. ಹನ್ನೆರಡು ಆಶ್ವಾಸಗಳ ಕಾವ್ಯವನ್ನು ಸಾವಿರ ಸಲ ಹೀಗೆ ಬರೆಯಿಸಲು ಎಷ್ಟು ಜನ ಲಿಪಿಕಾರರು, ಎಷ್ಟು ವರ್ಷಗಳ ಅನ್ನ ಬಟ್ಟೆ ಸಂಬಳ ಬೇಕಾಯಿತೆಂಬುದನ್ನು ವ್ಯಾಪಾರಸ್ಥರಾದ ನಾವು ಸುಲಭವಾಗಿ ಅಂದಾಜು ಮಾಡಬಲ್ಲೆವು. ಇದು ಭಾವಾವೇಶದ ಒಂದು ದಿನದ ದಾನವಲ್ಲ. ಲೆಕ್ಕವಿಟ್ಟು, ಆಳು ನೇಮಿಸಿ, ಮೇಲ್ವಿಚಾರಣೆ ಮಾಡಿ ಪೂರೈಸಿದ ಒಂದು ದೊಡ್ಡ ಉದ್ಯಮ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂದೆಯ ಹೆಸರನ್ನು ಉಳಿಸುವುದು ಗಂಡುಮಕ್ಕಳ ಕರ್ತವ್ಯವೆಂದು ಲೋಕದ ಎಣಿಕೆ. ಮಲ್ಲಪಯ್ಯನಿಗೆ ಐವರು ಗಂಡುಮಕ್ಕಳಿದ್ದರು. ಆದರೂ ತವರಿನ ಗ್ರಂಥವನ್ನು ನಾಡಿನಲ್ಲೆಲ್ಲ ಹರಡಿದವಳು ಕೊಟ್ಟ ಮನೆಗೆ ಹೋದ ಮಗಳು.

ಕ್ರಿ. ಶ. 993ರಲ್ಲಿ ರನ್ನನು ಅಜಿತಪುರಾಣವನ್ನು ಪೂರ್ಣಗೊಳಿಸಿದನು. ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ಈ ಮಹಾಕವಿಗೆ ಎರಡನೆಯ ತೀರ್ಥಂಕರರ ಚರಿತ್ರೆಯನ್ನು ಬರೆಯಲು ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಅವಳ ವಂಶ, ದಾಂಪತ್ಯ, ವೈಧವ್ಯ, ವ್ರತಗಳ ವೃತ್ತಾಂತವು ನಮಗೆ ದೊರೆತಿರುವುದು ಮುಖ್ಯವಾಗಿ ಈ ಕೃತಿಯಿಂದಲೇ. ಗೊಮ್ಮಟನ ದರ್ಶನವಾಗುವವರೆಗೆ ಆಹಾರವನ್ನು ತ್ಯಜಿಸುವೆನೆಂದು ಅವಳು ಶ್ರವಣಬೆಳಗೊಳದ ಬೆಟ್ಟವನ್ನು ಏರಿದಾಗ, ಅವಳ ಆಯಾಸವನ್ನು ಪರಿಹರಿಸಲು ಅಕಾಲದಲ್ಲಿ ಮಳೆ ಸುರಿಯಿತೆಂಬ ಪ್ರಸಂಗವು ಭಕ್ತರಲ್ಲಿ ಇಂದಿಗೂ ಪ್ರಚಲಿತವಾಗಿದೆ. ರನ್ನನು ತನ್ನ ಮಗನಿಗೆ ಚಾವುಂಡರಾಯನ ನೆನಪಿಗಾಗಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ತನ್ನ ಮನೆಯ ಎಳೆಯ ಮಗಳಿಗೆ ಒಬ್ಬ ವಿಧವೆಯ ಹೆಸರನ್ನು ಇಡಲು ಆ ಕವಿಯು ಹಿಂಜರಿಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಲೊಕ್ಕಿಗುಂಡಿಯ ಜಿನಾಲಯ

ಮಣಿಕನಕಗಳಿಂದ ಮಾಡಿದ 1500 ಜಿನಪ್ರತಿಮೆಗಳನ್ನು ಮಾಡಿಸಿ ಅವಳು ದಾನವಿತ್ತಳೆಂದು ಹೇಳುತ್ತಾರೆ. ಅವಳ ಕೀರ್ತಿಗೆ ಕಣ್ಣಿಗೆ ಕಾಣುವ ಸಾಕ್ಷಿಯಾಗಿ ನಿಂತಿರುವುದು ಲಕ್ಕುಂಡಿಯ ಬ್ರಹ್ಮಜಿನಾಲಯ. ಗದಗದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿರುವ ಲಕ್ಕುಂಡಿಯು ಅಂದು ಲೊಕ್ಕಿಗುಂಡಿಯೆಂಬ ಸಿರಿವಂತ ಪಟ್ಟಣವಾಗಿದ್ದಿತು. ಅಲ್ಲಿಯ ಟಂಕಸಾಲೆಯ ನಾಣ್ಯಗಳು ವರ್ತಕರಲ್ಲಿ ಹೆಸರಾಗಿದ್ದವು. ಕ್ರಿ. ಶ. 1007ರಲ್ಲಿ, ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದಾಗ, ಅವಳ ಮಗ ಪಡೆವಳ ತೈಲನು ಆ ಸೀಮೆಯ ಅಧಿಕಾರಿಯಾಗಿದ್ದಾಗ, ಅತ್ತಿಮಬ್ಬೆಯು ಅಲ್ಲಿ ಜಿನಾಲಯವನ್ನು ಕಟ್ಟಿಸಿ, ಸೂರಸ್ಥಗಣದ ಕೌರೂರು ಗಚ್ಛದ ಅರ್ಹಣಂದಿ ಪಂಡಿತರಿಗೆ ಭೂದಾನ ಮಾಡಿದಳು. ಶಾಸನವು ಅವಳ ಪುಣ್ಯಪ್ರಭಾವವನ್ನು ಕೊಂಡಾಡುತ್ತ, ಮದಗಜವು ಅವಳಿಗೆ ಮಣಿದುದನ್ನೂ ಗೋದಾವರಿಯ ಪ್ರವಾಹವು ನಿಂತುದನ್ನೂ ಹೇಳುತ್ತದೆ. ಇದರಲ್ಲಿ ಎಷ್ಟು ಭಕ್ತಿ, ಎಷ್ಟು ಚರಿತ್ರೆ ಎಂದು ತೂಗುವುದು ಸಂಶೋಧಕರ ಕೆಲಸ. ವಿಧವೆಯ ಮುಖದರ್ಶನವೇ ಅಪಶಕುನವೆಂದು ನಂಬುವ ಲೋಕದಲ್ಲಿ, ಒಬ್ಬ ವಿಧವೆಯ ಶೀಲಕ್ಕೆ ಆನೆಯೂ ಹೊಳೆಯೂ ಮಣಿದವೆಂದು ಕಲ್ಲಿನ ಮೇಲೆ ಕೊರೆಯಿಸಿದರೆಂಬುದೇ ಮಹತ್ತ್ವದ ಸಂಗತಿ.

ಈ ಜಿನಾಲಯವು ಮೃದುವಾದ ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಗುಡಿಗಳಲ್ಲಿ ಒಂದು. ಅದಕ್ಕೆ ಹಿಂದೆ ಬಾದಾಮಿ, ಪಟ್ಟದಕಲ್ಲುಗಳ ಕಡೆ ಮರಳುಗಲ್ಲು ಬಳಕೆಯಲ್ಲಿದ್ದಿತು. ಬಳಪದ ಕಲ್ಲಿನ ಈ ಕುಸುರಿಕೆಲಸವು ಮುಂದೆ ನಾಡಿನಲ್ಲೆಲ್ಲ ಹರಡಿತು. ನಮ್ಮ ಗುತ್ತಲವನ್ನು ಗುತ್ತವೊಳಲೆಂಬ ಹೆಸರಿನಿಂದ ರಾಜಧಾನಿಯಾಗಿ ಆಳಿದ ಗುತ್ತರಸರ ಕಾಲದ ಚೌಡದಾನಪುರದ ಮುಕ್ತೇಶ್ವರ ದೇವಾಲಯದಲ್ಲಿಯೂ ಅದೇ ಪರಂಪರೆಯನ್ನು ಕಾಣುತ್ತೇವೆ. ಹೊಳೆದಂಡೆಯ ಆ ಗುಡಿಯನ್ನು ನೋಡಿ ಬಂದವರು ಒಮ್ಮೆ ಲಕ್ಕುಂಡಿಗೂ ಹೋಗಿ ಬಂದರೆ, ಒಂದೇ ಉಳಿಯ ವಂಶವನ್ನು ಎರಡೂ ಕಡೆ ಗುರುತಿಸಬಲ್ಲರು.

ಏಕಾಂಗಿಯಲ್ಲ

ಅತ್ತಿಮಬ್ಬೆಯು ಆ ಕಾಲದ ಅಸಾಮಾನ್ಯ ಸ್ತ್ರೀ ನಿಜ, ಆದರೆ ಏಕಾಂಗಿಯಲ್ಲ. ಅವಳಿಗಿಂತ ಸುಮಾರು ಒಂದು ಶತಮಾನದ ಹಿಂದೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳಿಕೆಯಲ್ಲಿ, ಬನವಾಸಿ ಸೀಮೆಯ ನಾಗರಖಂಡ ಎಪ್ಪತ್ತರ ಅಧಿಕಾರಿಯಾಗಿದ್ದ ನಾಗಾರ್ಜುನನು ತೀರಿಕೊಂಡಾಗ, ಆ ಅಧಿಕಾರವನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ವಹಿಸಲಾಯಿತು. ಅವಳು ಸಮರ್ಥವಾಗಿ ಆಳಿ, ವ್ಯಾಧಿಪೀಡಿತಳಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ಶ್ರವಣಬೆಳಗೊಳದ ಒಂದು ವೀರಗಲ್ಲಿನಲ್ಲಿ ಸಾವಿಯಬ್ಬೆಯೆಂಬ ಶ್ರಾವಿಕೆಯು ಕುದುರೆಯೇರಿ, ಕತ್ತಿಯನ್ನೆತ್ತಿ, ಆನೆಯ ಮೇಲಿನ ಶತ್ರುವನ್ನು ಇದಿರಿಸುತ್ತಿರುವ ಚಿತ್ರವಿದೆ. ಮೂಡಬಿದಿರೆಯಲ್ಲಿ ಉಳಿದು ಬಂದ ಮಹಾಬಂಧದ ತಾಡವೋಲೆಯ ಪ್ರತಿಯು ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮೀ ವ್ರತದ ಉದ್ಯಾಪನೆಯಲ್ಲಿ ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಅರ್ಪಿಸಿದುದು. ಈ ಸ್ತ್ರೀಯರ ಕೈಯಿಂದ ಆಡಳಿತ ನಡೆಯಿತು, ಯುದ್ಧ ನಡೆಯಿತು, ಆಗಮವು ಉಳಿಯಿತು. ಮುಂದಿನ ಶತಮಾನಗಳ ಶಾಸನಗಳು ದಾನಶೀಲೆಯರನ್ನು ಹೊಗಳುವಾಗ ಅತ್ತಿಮಬ್ಬೆಗೇ ಹೋಲಿಸಿದವು. ನಮ್ಮ ಕಾಲದಲ್ಲಿಯೂ ಕರ್ನಾಟಕ ಸರ್ಕಾರವು ಅವಳ ಹೆಸರಿನಲ್ಲಿ ಸಾಧಕಿಯರಿಗೆ ಪ್ರಶಸ್ತಿ ಕೊಡುತ್ತ ಬಂದಿದೆ.

ನಮ್ಮ ಮುಂದಿರುವ ಪ್ರಶ್ನೆ

ಧರ್ಮಬಂಧುಗಳೇ, ಪ್ರಶಸ್ತಿಯೂ ಹೊಗಳಿಕೆಯೂ ಸುಲಭ. ಪ್ರತಿಷ್ಠಾ ಮಹೋತ್ಸವಗಳಲ್ಲಿ ಸವಾಲು ಕೂಗುತ್ತೇವೆ, ಇಂದ್ರ ಇಂದ್ರಾಣಿಯರ ಸ್ಥಾನಗಳಿಗೆ ದಂಪತಿಗಳು ಮುಂದೆ ಬರುತ್ತಾರೆ, ಪೂರ್ಣಕುಂಭ ಹೊತ್ತು ಮುತ್ತೈದೆಯರು ಮೆರವಣಿಗೆಯಲ್ಲಿ ನಡೆಯುತ್ತಾರೆ. ಇದೆಲ್ಲ ಶೋಭಾಯಮಾನವಾದುದೇ. ಆದರೆ ಎಷ್ಟೋ ಕಡೆ, ಪತಿಯನ್ನು ಕಳೆದುಕೊಂಡ ತಾಯಂದಿರು, ಅಕ್ಕತಂಗಿಯರು, ಮಂಟಪದ ಕಂಬದ ಹಿಂದೆ ನಿಂತು ನೋಡುವುದನ್ನು ನಾವು ಕಂಡಿದ್ದೇವೆ. ಯಾರೂ ಅವರನ್ನು ಬಾಯಿ ಬಿಟ್ಟು ತಡೆಯುವುದಿಲ್ಲ. ಅವರೇ ಹಿಂದೆ ಸರಿಯುತ್ತಾರೆ. ನಿತ್ಯ ಪೂಜೆಗೆ ಹೂ ಕಟ್ಟುವವರು, ಅಷ್ಟಾಹ್ನಿಕ ಪರ್ವದಲ್ಲಿ ಉಪವಾಸ ಮಾಡುವವರು, ದಶಲಕ್ಷಣ ಪರ್ವದಲ್ಲಿ ಮೊದಲು ಬಸದಿಗೆ ಬರುವವರು ಅವರೇ. ಕಲಶ ಹೊರುವಾಗ ಮಾತ್ರ ಅವರ ಕೈ ಅಮಂಗಳವಾಗುತ್ತದೆ.

ಅತ್ತಿಮಬ್ಬೆಯು ಬ್ರಹ್ಮಜಿನಾಲಯವನ್ನು ಕಟ್ಟಿಸಿದಾಗ ವಿಧವೆಯಾಗಿ ಎಷ್ಟೋ ವರ್ಷಗಳಾಗಿದ್ದವು. ಅವಳ ಕೈಯಿಂದ ನಡೆದ ಕಾರ್ಯವು ಅಮಂಗಳವಾಗಿದ್ದಿದ್ದರೆ ಆ ಜಿನಾಲಯವು ಸಾವಿರ ವರ್ಷ ನಿಲ್ಲುತ್ತಿದ್ದಿತೇ? ಅವಳು ಇಂದು ನಮ್ಮ ಮೆರವಣಿಗೆಗೆ ಬಂದರೆ ಅವಳ ತಲೆಯ ಮೇಲೆ ಕಲಶವನ್ನು ಇಡುತ್ತೇವೆಯೇ, ಅಥವಾ ಕಂಬದ ಹಿಂದೆ ನಿಲ್ಲಿಸುತ್ತೇವೆಯೇ? ವೈಧವ್ಯವನ್ನು ಅಮಂಗಳವೆಂದು ಎಣಿಸುವುದು ಸಮಂತಭದ್ರರು ಹೇಳಿದ ಲೋಕಮೂಢತೆಗೇ ಸೇರಿದುದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಮಂಗಳವೆಂಬುದು ಅರಹಂತ, ಸಿದ್ಧ, ಸಾಧು ಮತ್ತು ಕೇವಲಿಪ್ರಣೀತ ಧರ್ಮ ಇವುಗಳಲ್ಲಿ ಇದೆಯೆಂದು ನಿತ್ಯವೂ ಪಠಿಸುವ ನಾವು, ಅದನ್ನು ಬಳೆ ಕುಂಕುಮಗಳಲ್ಲಿ ಹುಡುಕುವುದು ಉಚಿತವೇ?

ಈ ಮಹೋತ್ಸವದಲ್ಲಿ ಜಿನಮಾತೆಯ ಸ್ವಪ್ನಗಳನ್ನು ಕಂಡು ಆನಂದಿಸುವ ನಾವು, ನಮ್ಮ ಮನೆಯ ಇಂಥ ತಾಯಂದಿರನ್ನು ಮುಂದಕ್ಕೆ ಕರೆದು, ಅಭಿಷೇಕದ ಕಲಶಕ್ಕೆ ಅವರಿಂದಲೂ ನೀರು ತರಿಸೋಣ. ಅತ್ತಿಮಬ್ಬೆಯ ಸ್ಮರಣೆಗೆ ಇದಕ್ಕಿಂತ ಹೆಚ್ಚಿನ ಗೌರವವನ್ನು ನಾನು ಕಾಣೆ. ಸರ್ವರಿಗೂ ಮಂಗಳವಾಗಲಿ.